‘ಏಲಿಯನ್: ರೋಮ್ಯುಲಸ್’ ನೋಡಿದಿರಾ? ನನ್ನ ಭಯವೆಲ್ಲ ಒಂದು ಮುಖ ಕಂಡ ಕೂಡಲೇ ಇಳಿದುಹೋಯಿತು

ಕತ್ತಲಕೋಣೆ · ಆಗಸ್ಟ್ 25, 2024

ಬಾಹ್ಯಾಕಾಶದಲ್ಲಿ ನಡೆಯುವ ಈ ಹೆದರಿಕೆಯ ಹಾಲಿವುಡ್ ಚಿತ್ರಕ್ಕೆ ನಿನ್ನೆ ರಾತ್ರಿ ಹತ್ತರ ಆಟಕ್ಕೆ ಹೋಗಿದ್ದೆ. ಮನೆ ಸೇರಿದಾಗ ಒಂದು ಗಂಟೆ, ಮೂರರವರೆಗೂ ನಿದ್ದೆ ಹತ್ತಲಿಲ್ಲ. ಇನ್ನೂ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆಯ ಗುಟ್ಟುಗಳೆಲ್ಲ ಇವೆ.

ಮೊದಲರ್ಧ ನನ್ನನ್ನು ಹಿಡಿದು ಅಲ್ಲಾಡಿಸಿತು. ತಂಡದ ಹುಡುಗಿ ನಾವಾರೋ ಎಕ್ಸ್-ರೇ ದೀಪವನ್ನು ತನ್ನ ಮೈಗೇ ಹಿಡಿದುಕೊಳ್ಳುತ್ತಾಳಲ್ಲ, ಪಕ್ಕೆಲುಬುಗಳ ಹಿಂದೆ ಏನೋ ಮಗ್ಗಲು ಬದಲಿಸುತ್ತದೆ. ಅದನ್ನು ಅವಳೂ ನೋಡುತ್ತಾಳೆ, ನಾವೂ ನೋಡುತ್ತೇವೆ. ನನ್ನ ಪಕ್ಕದ ಹುಡುಗ ಪಾಪ್‌ಕಾರ್ನ್ ಡಬ್ಬಿಯನ್ನು ಮುಖಕ್ಕೆ ಅಡ್ಡ ಹಿಡಿದ. ರಕ್ತ ಚೆಲ್ಲುವುದಕ್ಕಿಂತ ಮೊದಲಿನ ಆ ನಾಲ್ಕು ಕ್ಷಣ ಇಡೀ ಚಿತ್ರದಲ್ಲೇ ಶ್ರೇಷ್ಠ ಎನ್ನುತ್ತೇನೆ.

ಆದರೆ ಅರ್ಧ ಕತ್ತರಿಸಿಹೋದ ಯಂತ್ರಮಾನವ ರೂಕ್ ತಲೆಯೆತ್ತಿ ಮಾತನಾಡತೊಡಗಿದಾಗ ನನ್ನೊಳಗಿನ ಭಯ ಆರಿಹೋಯಿತು. ಅದು ಮೊದಲ ‘ಏಲಿಯನ್’ ಚಿತ್ರದಲ್ಲಿ ಆಶ್ ಎಂಬ ಯಂತ್ರಮಾನವನ ಪಾತ್ರ ಮಾಡಿದ್ದ ನಟ ಇಯಾನ್ ಹೋಮ್ ಅವರ ಮುಖ. ಅವರು ತೀರಿಕೊಂಡದ್ದು 2020ರಲ್ಲಿ. ತುಟಿ ಒಂದು ಕಡೆ, ಮಾತು ಒಂದು ಕಡೆ. ಆಮೇಲೆ ಕಥೆಯ ಕಡೆ ಮನಸ್ಸು ತಿರುಗಲೇ ಇಲ್ಲ, ಆ ಬಾಯನ್ನೇ ನೋಡುತ್ತಾ ಕುಳಿತೆ. ಇದು ನನ್ನೊಬ್ಬನ ಕಿರಿಕಿರಿಯೇ, ನಿಮಗೂ ಹೀಗಾಯಿತೇ?

ರಾತ್ರಿಪಾಳಿ

ನನಗೂ ಆಯಿತು. ಅದೂ ದೊಡ್ಡ ಪರದೆಯ ಮೇಲೆ ಬಹಳ ಎದ್ದು ಕಾಣುತ್ತಿತ್ತು.

ಮಲೆಸೀಮೆ

ನನಗೆ ಏನೂ ಅನ್ನಿಸಲಿಲ್ಲ. ಅದು ಯಂತ್ರ, ಅದೂ ಕೆಟ್ಟು ಬಿದ್ದ ಯಂತ್ರ. ತುಟಿ ಮಾತಿಗೆ ಕೂಡದಿದ್ದರೆ ಒಳ್ಳೆಯದೇ ಅಲ್ಲವೇ? ಆಶ್‌ನನ್ನು ಮತ್ತೆ ನೋಡಿ ನನಗಂತೂ ಖುಷಿಯಾಯಿತು.

ನೋಸ್ಟ್ರೋಮೊ79

ಮಲೆಸೀಮೆ ಅವರೇ, ಅದು ಆಶ್ ಅಲ್ಲ. 1979ರ ಮೊದಲ ಚಿತ್ರದಲ್ಲಿ ಆಶ್ ಸುಟ್ಟುಹೋಗುತ್ತಾನೆ. ರೂಕ್ ಅದೇ ಮಾದರಿಯ ಬೇರೊಂದು ಯಂತ್ರ. ಕಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಮೊದಲ ಕಥೆ ನಡೆಯುವುದು 2122ರಲ್ಲಿ, ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರ 1986ರ ಎರಡನೇ ಚಿತ್ರದ್ದು 2179ರಲ್ಲಿ, ರೋಮ್ಯುಲಸ್ 2142ರಲ್ಲಿ. ಎರಡರ ನಡುವೆ ತಂದು ಕೂರಿಸಿದ್ದಾರೆ. ಹಾಗಾಗಿಯೇ ದಪ್ಪ ಗುಂಡಿಗಳ ಯಂತ್ರಗಳು, ಹಸಿರು ಅಕ್ಷರದ ಪರದೆಗಳು. ಆ ಗುಂಡಿ ಒತ್ತುವಾಗ ಬರುವ ‘ಟಕ್’ ಶಬ್ದಕ್ಕೇ ನಾನು ಸೋತೆ.

ಕತ್ತಲಕೋಣೆ

ಅದೇ ನನ್ನ ಪ್ರಶ್ನೆ! ಬೇರೊಂದು ಯಂತ್ರ ಎಂದ ಮೇಲೆ ಬೇರೆ ಯಾವ ನಟನಾದರೂ ಆಗಬಹುದಿತ್ತು. ಸತ್ತವರನ್ನು ಎಬ್ಬಿಸುವ ಅಗತ್ಯವೇನಿತ್ತು?

ಡಬ್ಲಿನ್‌ನಿಂದ_ಶ್ರೀ

ಇಲ್ಲಿ ನಿಮಗಿಂತ ಒಂದು ವಾರ ಮೊದಲೇ ಬಂತು, ನಾನು ಎರಡು ಸಲ ನೋಡಿದ್ದೇನೆ. ಎಲ್ಲವೂ ಕಂಪ್ಯೂಟರಿನಲ್ಲಿ ಮಾಡಿದ್ದು ಎಂದುಕೊಂಡವರಿಗೆ ಒಂದು ಮಾತು: ರೂಕ್ ನಿಜವಾಗಿ ಕಟ್ಟಿದ ಗೊಂಬೆ. ತಂತಿ, ಮೋಟಾರು ಹಾಕಿ ಆಡಿಸುವ ಗೊಂಬೆ. ಮುಖದ ಹಾವಭಾವಕ್ಕೂ ಧ್ವನಿಗೂ ಡೇನಿಯಲ್ ಬೆಟ್ಸ್ ಎಂಬ ನಟ ಇದ್ದಾರೆ, ಅದರ ಮೇಲೆ ಕಂಪ್ಯೂಟರಿನ ಲೇಪ. ಇಯಾನ್ ಹೋಮ್ ಕುಟುಂಬದ ಒಪ್ಪಿಗೆ ಪಡೆದೇ ಮಾಡಿದ್ದಾರೆ. ಕದ್ದು ಮಾಡಿದ್ದಲ್ಲ.

ಚಿತ್ರಕ್ಕೆ ಕೆಲಸ ಮಾಡಿದವರಲ್ಲಿ 1986ರ ಚಿತ್ರದ ಪ್ರಾಣಿಗಳನ್ನು ಕಟ್ಟಿದ ಕೆಲವರೂ ಇದ್ದಾರೆ. ಮುಖಕ್ಕೆ ಅಮರಿಕೊಳ್ಳುವ ಆ ಜಂತುಗಳು ನೀರಿನಲ್ಲಿ ಓಡಿಬರುವಾಗ ಮೈ ಜುಮ್ಮೆನ್ನುವುದು ಅದಕ್ಕೇ. ಕಣ್ಣೆದುರು ಒಂದು ವಸ್ತು ಇದ್ದರೆ ನಟರು ಹಿಂದೆ ಸರಿಯುವ ರೀತಿಯೇ ಬೇರೆ.

ಹೊಸಹೆಜ್ಜೆ

ಕುಟುಂಬ ಒಪ್ಪಿತು ಎಂದರೆ ನಟ ಒಪ್ಪಿದಂತೆಯೇ? ಕಳೆದ ವರ್ಷ ಹಾಲಿವುಡ್ ನಟರು 118 ದಿನ ಮುಷ್ಕರ ಕೂತರು. ತಮ್ಮ ಮುಖವನ್ನೂ ಧ್ವನಿಯನ್ನೂ ಯಂತ್ರ ನಕಲು ಮಾಡುವುದರ ವಿರುದ್ಧದ ಹೋರಾಟವೂ ಅದರಲ್ಲಿ ಸೇರಿತ್ತು. ಅದು ಮುಗಿದು ವರ್ಷವೂ ಆಗಿಲ್ಲ. ದೊಡ್ಡ ಕಂಪನಿಯ ದುರಾಸೆಯನ್ನು ಬೈಯುವ ಕಥೆಯಲ್ಲಿಯೇ ಇದನ್ನು ಮಾಡಿದ್ದಾರಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು.

ಅಪ್ಪಟ_ವಿಷ್ಣು_ಅಭಿಮಾನಿ

ನೀವೆಲ್ಲ ಇದನ್ನು ಹೊಸ ವಿಷಯ ಎಂಬಂತೆ ಮಾತನಾಡುತ್ತಿದ್ದೀರಿ. 2016ರ ‘ನಾಗರಹಾವು’ ಮರೆತಿರಾ? ನಾನು ಮೊದಲ ದಿನವೇ ನೋಡಿದ್ದೆ. ವಿಷ್ಣುವರ್ಧನ್ ನಮ್ಮನ್ನು ಅಗಲಿ ಏಳು ವರ್ಷ ತುಂಬುತ್ತಾ ಬಂದಿತ್ತು. ಗ್ರಾಫಿಕ್ಸ್‌ನಲ್ಲಿ ಅವರು ತೆರೆಗೆ ಬಂದಾಗ ಶಿಳ್ಳೆಯ ನಡುವೆ ಸಂಭಾಷಣೆಯೇ ಕೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೈ ಮುಗಿದರು, ಕಣ್ಣಲ್ಲಿ ನೀರು. ಆಗ ಯಾರೂ ತುಟಿ ಕೂಡಲಿಲ್ಲ ಎಂದು ಅಳತೆ ಹಿಡಿಯಲಿಲ್ಲ. ಇಂಗ್ಲಿಷ್ ಚಿತ್ರಕ್ಕೊಂದು ನ್ಯಾಯ, ನಮಗೊಂದು ನ್ಯಾಯವೇ?

ಕತ್ತಲಕೋಣೆ

ಸರ್, ನೀವು ಸರಿಯಾದ ಜಾಗಕ್ಕೇ ಬೆರಳಿಟ್ಟಿರಿ. ಬೆಳಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಅಂದು ನಾನೂ ಶಿಳ್ಳೆ ಹೊಡೆದವನೇ. ವ್ಯತ್ಯಾಸ ಎಲ್ಲಿದೆ ಎಂದು ನನಗೆ ತೋಚಿದ್ದು ಇಷ್ಟು: ಅಲ್ಲಿ ವಿಷ್ಣು ಅವರನ್ನು ಕರೆತಂದದ್ದು ದರ್ಶನಕ್ಕೆ. ಅವರು ವಿಷ್ಣುವರ್ಧನ್ ಆಗಿಯೇ ಬಂದರು, ನಾಯಕನ ಗತ್ತಿನಲ್ಲಿ ಬಂದರು, ಜನ ಕೈ ಮುಗಿದರು. ಇಲ್ಲಿ ಒಬ್ಬ ದೊಡ್ಡ ಕಲಾವಿದನ ಮುಖವನ್ನು ಸೊಂಟದಿಂದ ಕೆಳಗಿಲ್ಲದ, ಬಾಯಲ್ಲಿ ಬಿಳಿ ದ್ರವ ಸುರಿಯುವ ಒಂದು ತುಂಡಿಗೆ ಅಂಟಿಸಿ, ಮಕ್ಕಳನ್ನು ಸಾವಿಗೆ ತಳ್ಳುವ ಮಾತುಗಳನ್ನು ಆಡಿಸಿದ್ದಾರೆ. ಬದುಕಿದ್ದರೆ ಈ ಪಾತ್ರವನ್ನು ಅವರು ಒಪ್ಪುತ್ತಿದ್ದರೇ ಇಲ್ಲವೇ ಎಂದು ಯಾರು ಹೇಳಬೇಕು?

ಅಪ್ಪಟ_ವಿಷ್ಣು_ಅಭಿಮಾನಿ

ಮೊದಲ ಚಿತ್ರದಲ್ಲಿ ಅವರೇ ಅಂಥದ್ದೇ ಪಾತ್ರ ಮಾಡಿದ್ದರಲ್ಲ. ತಲೆ ಬೇರೆಯಾಗಿ ಮೇಜಿನ ಮೇಲಿಟ್ಟು ಮಾತನಾಡಿಸಿದ್ದರು.

ಕತ್ತಲಕೋಣೆ

ಅದನ್ನು ಅವರೇ ಮಾಡಿದರು. ಬಿಳಿ ದ್ರವದಲ್ಲಿ ನೆನೆದ ಆ ತಲೆ ಕೊನೆಗೊಮ್ಮೆ ನಗುತ್ತದೆ, ನೆನಪಿದೆಯೇ? ಆ ನಗು ಅವರದು. ರೂಕ್‌ನ ಮುಖದಲ್ಲಿ ನಾನು ಹುಡುಕಿದ್ದು ಅದನ್ನೇ, ಸಿಗಲಿಲ್ಲ.

ಬೆಟ್ಟದಹೂ

ಇನ್ನೊಂದು ಉದಾಹರಣೆ ನೆನಪಾಯಿತು. 2022ರಲ್ಲಿ ‘ಜೇಮ್ಸ್’ ಬಿಡುಗಡೆಯಾದಾಗ ಪುನೀತ್ ಅವರ ಪಾತ್ರಕ್ಕೆ ಧ್ವನಿ ಕೊಟ್ಟಿದ್ದು ಶಿವರಾಜ್‌ಕುಮಾರ್. ಮುಂದಿನ ತಿಂಗಳು ತಂತ್ರಜ್ಞಾನದಿಂದ ಪುನೀತ್ ಅವರ ಧ್ವನಿಯನ್ನೇ ಕೂಡಿಸಿದ ಪ್ರತಿ ಬಂತು. ನಾನು ಎರಡನ್ನೂ ನೋಡಿದೆ. ಎರಡನೆಯದು ಹೆಚ್ಚು ಸಹಜವಾಗಿತ್ತು, ಆದರೆ ನನ್ನನ್ನು ಅಳಿಸಿದ್ದು ಮೊದಲನೆಯದು. ತಮ್ಮನ ತುಟಿಗೆ ಅಣ್ಣ ಮಾತು ಕೂಡಿಸುತ್ತಿದ್ದಾರೆ ಎಂಬುದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತಿತ್ತು. ಅಲ್ಲಿ ಪುನೀತ್ ನಟಿಸಿ ಮುಗಿಸಿದ್ದರು, ಉಳಿದದ್ದು ಧ್ವನಿ ಮಾತ್ರ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ರಾತ್ರಿಪಾಳಿ

ಮುಖದ ಮಾತು ಸಾಕು. ಇನ್ನೊಬ್ಬ ಯಂತ್ರಮಾನವ ಆಂಡಿ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ! ಆ ಪಾತ್ರ ಮಾಡಿದ ಡೇವಿಡ್ ಜಾನ್ಸನ್ ಈ ಚಿತ್ರದ ಜೀವ.

ಸಂಜೆಮಲ್ಲಿಗೆ

ರಾತ್ರಿಪಾಳಿ, ನೂರಕ್ಕೆ ನೂರು ಒಪ್ಪುತ್ತೇನೆ. ಮೊದಲು ಭುಜ ಮುದುಡಿಕೊಂಡು, ತಲೆ ತಗ್ಗಿಸಿ, ತಡವರಿಸುತ್ತಾ ಪದಗಳ ಜೊತೆ ಆಟವಾಡಿ ನಾಯಕಿ ರೇನ್‌ಳನ್ನು ನಗಿಸುವ, ಅವಳಿಗೆ ತಮ್ಮನಂತಿರುವ ಆಂಡಿ. ಕಸದಲ್ಲಿ ಬಿದ್ದಿದ್ದ ಅವನನ್ನು ರೇನ್‌ಳ ಅಪ್ಪ ತಂದು, ‘ರೇನ್‌ಳಿಗೆ ಒಳಿತಾಗುವುದನ್ನೇ ಮಾಡು’ ಎಂಬ ಒಂದೇ ಆಜ್ಞೆ ತುಂಬಿರುತ್ತಾರೆ. ರೂಕ್‌ನ ಚಿಪ್ ಕುತ್ತಿಗೆಗೆ ಇಳಿದ ಮೇಲೆ ಗಮನಿಸಿ: ಬೆನ್ನು ನೆಟ್ಟಗಾಗುತ್ತದೆ, ತಡವರಿಕೆ ನಿಲ್ಲುತ್ತದೆ, ಕಣ್ಣು ರೇನ್‌ಳ ಮೇಲೆ ನಿಂತರೂ ಅವಳನ್ನು ನೋಡುವುದಿಲ್ಲ. ಬಣ್ಣವಿಲ್ಲ, ಗ್ರಾಫಿಕ್ಸ್ ಇಲ್ಲ. ತಂಡದ ಕೇ ಎಂಬ ಹುಡುಗಿ ಬಾಗಿಲಾಚೆ ಬಡಿದುಕೊಳ್ಳುತ್ತಿರುವಾಗ ಅವನು ಬಾಗಿಲು ತೆರೆಯದೆ ನಿಂತಾಗ ನನಗೆ ಏಲಿಯನ್‌ಗಿಂತ ಅವನ ಮೇಲೆ ಹೆಚ್ಚು ಭಯವಾಯಿತು. ಬದುಕಿರುವ ನಟನೊಬ್ಬ ಯಂತ್ರವಾಗಿ ಇಷ್ಟು ಮಾಡಬಲ್ಲ ಎಂದು ತೋರಿಸಿದ ಚಿತ್ರದಲ್ಲೇ ರೂಕ್ ಯಾಕೆ ಬೇಕಿತ್ತು ಎಂಬ ಪ್ರಶ್ನೆ ನನಗೂ ಇದೆ.

ಮಲೆಸೀಮೆ

ಆದರೆ ಕೊನೆಗೆ ಆಂಡಿ ಬಾಯಲ್ಲಿ 1986ರ ಚಿತ್ರದ ನಾಯಕಿ ರಿಪ್ಲಿಯ ಆ ಪ್ರಸಿದ್ಧ ಬೈಗುಳದ ಮಾತು ಹಾಕಿದ್ದು ನಿಮಗೆ ಸರಿ ಎನಿಸಿತೇ? ನಾನು ಚಿತ್ರವನ್ನು ಇಷ್ಟಪಟ್ಟವನು, ನನಗೂ ಅದು ಗಂಟಲಲ್ಲಿ ಇಳಿಯಲಿಲ್ಲ. ರಿಪ್ಲಿಗೆ ಆ ಮಾತು ಎದೆಯಿಂದ ಬಂದಿತ್ತು.

ನೋಸ್ಟ್ರೋಮೊ79

ನಮ್ಮ ಆಟದಲ್ಲಿ ಚಪ್ಪಾಳೆ ಬಿತ್ತು. ನಲವತ್ತೈದು ವರ್ಷಗಳಿಂದ ನಡೆದುಬಂದ ಸರಣಿ, ಮುಖ್ಯ ಸಾಲಿನಲ್ಲಿ ಇದು ಏಳನೆಯದು. ಹಳಬರಿಗೆ ಒಂದಿಷ್ಟು ನೆನಪಿನ ಬುತ್ತಿ ಕಟ್ಟಿಕೊಟ್ಟರೆ ತಪ್ಪೇನು?

ಸಂಜೆಮಲ್ಲಿಗೆ

ಬುತ್ತಿ ತಪ್ಪಲ್ಲ ಅಣ್ಣ, ಊಟವೇ ಬುತ್ತಿಯಾದರೆ ತಪ್ಪು. ಹಳೆಯ ಮಾತು ಬಂದಾಗಲೆಲ್ಲ ನಾನು ರೇನ್‌ಳನ್ನು ಬಿಟ್ಟು ಹಳೆಯ ಚಿತ್ರಕ್ಕೆ ಹೋಗಿಬಿಡುತ್ತೇನೆ. ಹೆದರಿಕೆಯ ಚಿತ್ರದಲ್ಲಿ ಪ್ರೇಕ್ಷಕ ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಕಷ್ಟ.

ಎರಡನೇ_ಸಾಲು

ಹೊರಗೆ ಹೋಗುವ ಮಾತು ಬಂದದ್ದರಿಂದ ಹೇಳುತ್ತೇನೆ: ಮಧ್ಯಂತರ! ಎರಡು ಗಂಟೆಗೂ ಒಂದು ನಿಮಿಷ ಕಡಿಮೆ ಇರುವ ಚಿತ್ರವಿದು. ಉಸಿರು ಬಿಗಿಹಿಡಿದು ಕೂತಿದ್ದಾಗ ಪರದೆ ಕಪ್ಪಾಯಿತು, ದೀಪ ಹತ್ತಿತು, ಬಟ್ಟೆ ಅಂಗಡಿಯ ಜಾಹೀರಾತು ಶುರುವಾಯಿತು. ನಿರ್ದೇಶಕ ಮಧ್ಯಂತರಕ್ಕೆಂದು ಬರೆಯದ ಚಿತ್ರವನ್ನು ಹೀಗೆ ಕಡಿಯುವುದನ್ನು ನಿಲ್ಲಿಸಬೇಕು. ಸಮೋಸ ಮಾರುವುದಕ್ಕೆ ಬೇರೆ ದಾರಿ ಹುಡುಕಲಿ.

ಬೆಟ್ಟದಹೂ

ನಮ್ಮ ಕಡೆಯೂ ಅದೇ ಕಥೆ. ಒಳಗೆ ಬಂದವರು ಮೊಬೈಲ್ ಬೆಳಕು ಹಾಕಿಕೊಂಡು ಕುರ್ಚಿ ಹುಡುಕುತ್ತಿದ್ದರು. ಹತ್ತು ನಿಮಿಷ ಹಾಳಾಯಿತು.

ಕಪ್ಪುಬಿಳುಪು

ಇದು ಕನ್ನಡಕ್ಕೆ ಡಬ್ ಆಗಿ ಬಂದಿದ್ದರೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೆ. ನಾನು ಹೋದ ಕಡೆ ಇಂಗ್ಲಿಷ್ ಮಾತ್ರ ಇತ್ತು. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪು ಎಂದು ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದೆ. ಒಂಬತ್ತು ವರ್ಷವಾಯಿತು.

ಹೊಸಹೆಜ್ಜೆ

ಡಬ್ಬಿಂಗ್ ವಿಷಯ ಎತ್ತಿದರೆ ಇಲ್ಲಿ ನಾಳೆಯವರೆಗೂ ಜಗಳ ನಡೆಯುತ್ತದೆ, ಬೇಡ. ಆದರೆ ಅಮ್ಮಂದಿರಿಗೆ ವಿಜ್ಞಾನದ ಕಥೆ ಅವರ ಭಾಷೆಯಲ್ಲಿ ಸಿಗಬೇಕು ಎನ್ನುವುದನ್ನು ಒಪ್ಪುತ್ತೇನೆ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದಾಗ ಓದುಗರು ಇದ್ದರಲ್ಲ.

ಭೌತಮೇಷ್ಟ್ರು

ಗುರುತ್ವವಿಲ್ಲದ ಆ ದೃಶ್ಯದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಏಲಿಯನ್‌ನ ರಕ್ತ ಆಮ್ಲ. ಗುಂಡು ಹೊಡೆದರೆ ಅದು ಕೆಳಗೆ ಸುರಿದು, ನೆಲ ಕೊರೆದು, ನೌಕೆಯನ್ನೇ ತೂತು ಮಾಡುತ್ತದೆ. ಆದ್ದರಿಂದ ಬಂದೂಕಿದ್ದರೂ ಹೊಡೆಯುವಂತಿಲ್ಲ. ರೇನ್ ಕೃತಕ ಗುರುತ್ವವನ್ನೇ ಆರಿಸಿಬಿಡುತ್ತಾಳೆ! ರಕ್ತಕ್ಕೆ ‘ಕೆಳಗೆ’ ಎನ್ನುವುದೇ ಇಲ್ಲದಂತಾಗಿ ಗಾಳಿಯಲ್ಲಿ ತೇಲುತ್ತದೆ. ಆಮೇಲೆ ಆ ತೇಲುವ ಆಮ್ಲದ ನಡುವೆ ಮೈ ತಿರುಚಿಕೊಂಡು ದಾಟಬೇಕು. ತೂಕವಿಲ್ಲದ ಕಡೆ ದ್ರವ ಉಂಡೆಗಟ್ಟುವುದು ಸರಿಯೇ, ಅದು ಮೇಲ್ಮೈ ಎಳೆತದ ಕೆಲಸ. ಸಣ್ಣ ಉಂಡೆಗಳು ಒಂದಕ್ಕೊಂದು ತಗುಲಿದರೆ ಕೂಡಿಕೊಂಡು ದೊಡ್ಡದಾಗುತ್ತವೆ. ಚಿತ್ರದಲ್ಲಿ ಅವು ಸುತ್ತುವ ರೀತಿ ಅಂದಕ್ಕಾಗಿ ಮಾಡಿದ್ದು, ಇರಲಿ. ಹಿಂದಿನ ಆರು ಚಿತ್ರಗಳಲ್ಲಿ ಯಾರೂ ಈ ಲೆಕ್ಕ ಹಾಕಿರಲಿಲ್ಲ ಎನ್ನುವುದು ನನಗೆ ದೊಡ್ಡ ವಿಷಯ. ಸೋಮವಾರ ತರಗತಿಯಲ್ಲಿ ಇದನ್ನು ಹೇಳುತ್ತೇನೆ.

ಎರಡನೇ_ಸಾಲು

ಮೇಷ್ಟ್ರೇ, ಚಿತ್ರಕ್ಕೆ ‘ಎ’ ಪ್ರಮಾಣಪತ್ರ. ಮಕ್ಕಳಿಗೆ ನೋಡಿ ಎಂದು ಮಾತ್ರ ಹೇಳಬೇಡಿ.

ಭೌತಮೇಷ್ಟ್ರು

ದೃಶ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ, ಅಷ್ಟೇ. ಮೈಯ ಬಿಸಿಯ ದೃಶ್ಯವನ್ನೂ ಹೇಳಬಹುದು. ಕೋಣೆಯ ಉಷ್ಣತೆಯನ್ನು ಮೈಯ ಉಷ್ಣತೆಗೆ ಸಮ ಮಾಡಿ, ಜಂತುಗಳಿಗೆ ಮನುಷ್ಯ ಬೇರೆ, ಗಾಳಿ ಬೇರೆ ಎಂದು ತಿಳಿಯದಂತೆ ಮಾಡುತ್ತಾರೆ. ಹೆದರಿದರೆ ಮೈ ಬಿಸಿಯಾಗುತ್ತದೆ, ಬಿಸಿಯಾದರೆ ಸಿಕ್ಕಿಬೀಳುತ್ತಾರೆ. ಹೆದರಬಾರದು ಎನ್ನುವುದೇ ಅಲ್ಲಿನ ಹೆದರಿಕೆ.

ಲಾವಂಚ

ನಾನು ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಶುಶ್ರೂಷಕಿ. ಕೊನೆಯ ಭಾಗದ ಬಗ್ಗೆ ಗಂಡಸರು ‘ಅಬ್ಬಾ ಏನು ಪ್ರಾಣಿ’ ಎಂದು ಬರೆದದ್ದನ್ನೇ ಎಲ್ಲ ಕಡೆ ಓದುತ್ತಿದ್ದೇನೆ. ನನಗೆ ಆ ಭಾಗ ಸಿಟ್ಟು ತರಿಸಿತು.

1979ರ ಚಿತ್ರದ ಶಕ್ತಿ ಎಲ್ಲಿತ್ತು? ಊಟದ ಮೇಜಿನ ಮೇಲೆ ಒಬ್ಬ ಗಂಡಸಿನ ಎದೆ ಸೀಳಿಕೊಂಡು ಅದು ಹುಟ್ಟಿತು. ಒಪ್ಪಿಗೆ ಕೇಳದೆ ಮೈಯೊಳಗೆ ಬಂದು ಬೆಳೆಯುವುದರ ಭಯವನ್ನು, ಹೆಣ್ಣಿಗೆ ಮಾತ್ರ ಗೊತ್ತಿದ್ದ ಭಯವನ್ನು, ಗಂಡಸಿನ ಮೈಗೆ ದಾಟಿಸಿದ್ದೇ ಅದರ ಹೆಚ್ಚುಗಾರಿಕೆ. ಇಲ್ಲಿ ಕೇ ಬಸುರಿ. ಬದುಕಬೇಕೆಂದು ಏಲಿಯನ್ ಜಂತುಗಳಿಂದ ತೆಗೆದ ಕಪ್ಪು ದ್ರವದ ಚುಚ್ಚುಮದ್ದು ತೆಗೆದುಕೊಳ್ಳುತ್ತಾಳೆ, ನಿಮಿಷಗಳಲ್ಲಿ ಹೆರುತ್ತಾಳೆ, ಹೆತ್ತದ್ದೇ ಅವಳನ್ನು ಕೊಲ್ಲುತ್ತದೆ. ಭಯ ತಿರುಗಿ ಬಸುರಿ ಹೆಂಗಸಿನ ಹೊಟ್ಟೆಗೇ ಬಂದು ಬಿತ್ತು. ಅವಳು ಒಬ್ಬಳು ವ್ಯಕ್ತಿಯಾಗಿ ನಮಗೆ ಗೊತ್ತಾಗುವ ಮೊದಲೇ ಹೊಟ್ಟೆಯಾಗಿಬಿಡುತ್ತಾಳೆ. ಇಸಬೆಲಾ ಮರ್ಸೆಡ್ ಚೆನ್ನಾಗಿ ಅಭಿನಯಿಸಿದ್ದಾರೆ, ನನ್ನ ತಕರಾರು ಅವರ ಮೇಲಲ್ಲ.

ಡಬ್ಲಿನ್‌ನಿಂದ_ಶ್ರೀ

ಅಕ್ಕ, ನಾನು ಈ ರೀತಿ ಯೋಚಿಸಿರಲಿಲ್ಲ. ಎರಡು ಸಲ ನೋಡಿಯೂ ತೋಚಲಿಲ್ಲ. ಮತ್ತೊಂದು ಕಡೆಯಿಂದ ಹೇಳುವುದಾದರೆ, ನನ್ನನ್ನು ನಿಜವಾಗಿ ನಡುಗಿಸಿದ್ದು ಆ ಕೊನೆಯ ಪ್ರಾಣಿಯೇ. ಅದೂ ಮುಕ್ಕಾಲು ಪಾಲು ನಿಜವಾದ ಮನುಷ್ಯ: ಏಳೂವರೆ ಅಡಿಗೂ ಎತ್ತರದ ರುಮೇನಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ರಾಬರ್ಟ್ ಬೊಬ್ರೊಸ್ಕಿ. ಮೊದಲ ಚಿತ್ರದಲ್ಲಿ ಏಲಿಯನ್ ವೇಷ ತೊಟ್ಟ ಬೊಲಾಜಿ ಬಡೇಜೊ ಕೂಡ ವೃತ್ತಿಯಲ್ಲಿ ನಟನಲ್ಲ, ನೈಜೀರಿಯಾದಿಂದ ಬಂದಿದ್ದ ವಿದ್ಯಾರ್ಥಿ, ಆರಡಿ ಹತ್ತಿಂಚು ಎತ್ತರ. ಕತ್ತಲಲ್ಲಿ ಈ ಕೊನೆಯ ಪ್ರಾಣಿ ಬಾಗಿ ಕಾಯನ್ನು ನೋಡಿ ನಗುವ ರೀತಿ ಯಾವ ಕಂಪ್ಯೂಟರಿಗೂ ಬಾರದು.

ಲಾವಂಚ

‘ಕಾಯನ್ನು’ ಅಲ್ಲ ಶ್ರೀ, ಕೇಯನ್ನು. ಅವಳ ಹೆಸರು ಕೇ. ಪ್ರಾಣಿ ಭಯಂಕರವಾಗಿತ್ತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡು ದಿನ ಕಣ್ಣಿಗೆ ಕಟ್ಟಿತ್ತು.

ಗಣಿಯೂರಿನವನು

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಅಪರೂಪ. ಎಲ್ಲರೂ ಏಲಿಯನ್ ಬಂದ ಮೇಲಿನದನ್ನು ಚರ್ಚಿಸುತ್ತಿದ್ದೀರಿ. ನನಗೆ ಚಿತ್ರ ತಗುಲಿದ್ದು ಅದಕ್ಕಿಂತ ಮೊದಲು.

ನಮ್ಮ ಊರು ಕೋಲಾರದ ಚಿನ್ನದ ಗಣಿ. 2001ರಲ್ಲಿ ಮುಚ್ಚಿತು, ಆಗ ನಾನು ನಾಲ್ಕನೇ ತರಗತಿ. ತಾತ ನೆಲದ ಅಡಿ ಕೆಲಸ ಮಾಡಿದವರು. ಅಲ್ಲಿನ ಸುರಂಗಗಳು ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯೇ ಬಿಸಿ, ಮುಟ್ಟಿದರೆ ಕೈ ಹಿಂದೆಗೆಯಬೇಕು ಎನ್ನುತ್ತಿದ್ದರು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಗಣಿ ಕಸುಬಿನ ಕಾಯಿಲೆ, ತಾತನಿಗೂ ಬಂತು. ಕೊನೆಯ ಎರಡು ವರ್ಷ ಮಲಗಿ ನಿದ್ದೆ ಮಾಡಲಾಗದೆ ಗೋಡೆಗೆ ದಿಂಬು ಆನಿಸಿ ಕೂತೇ ರಾತ್ರಿ ಕಳೆಯುತ್ತಿದ್ದರು.

ರೇನ್‌ಳ ಅಪ್ಪ ಅಮ್ಮ ಸತ್ತದ್ದು ಗಣಿಯ ಕಾಯಿಲೆಯಿಂದ. ಅವರ ಗಣಿ ವಸಾಹತು ಜಾಕ್ಸನ್ಸ್ ಸ್ಟಾರ್‌ನಲ್ಲಿ ಸೂರ್ಯನೇ ಕಾಣುವುದಿಲ್ಲ. ಅವಳು ಕರಾರಿನ ಗಂಟೆಗಳನ್ನೆಲ್ಲ ದುಡಿದು ಮುಗಿಸಿ, ಬಿಡುಗಡೆ ಪತ್ರ ಕೇಳಲು ಕಿಟಕಿಯ ಮುಂದೆ ನಿಲ್ಲುತ್ತಾಳೆ. ಒಳಗಿರುವವಳು ತಲೆಯೂ ಎತ್ತದೆ, ಗಂಟೆಗಳ ಮಿತಿ 24,000ಕ್ಕೆ ಏರಿದೆ, ಇನ್ನು ಐದಾರು ವರ್ಷ ಎನ್ನುತ್ತಾಳೆ. ಕೊನೆಗೆ ಕಂಪನಿಯ ಪರವಾಗಿ ಧನ್ಯವಾದವನ್ನೂ ಹೇಳುತ್ತಾಳೆ. ರೇನ್ ಕಿರುಚುವುದಿಲ್ಲ. ಮುಖದಲ್ಲಿ ಏನೋ ಒಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಜೀತ ಪದ್ಧತಿ ರದ್ದು ಕಾನೂನು ನಮ್ಮಲ್ಲಿ ಬಂದದ್ದು 1976ರಲ್ಲಿ. ಅದಾಗಿ ನೂರ ಅರವತ್ತಾರು ವರ್ಷದ ಮೇಲಿನ ಕಥೆಯಲ್ಲಿ ಜೀತ ಹಾಗೇ ಇದೆ.

ಇನ್ನೊಂದು. ತಂಡದ ಹುಡುಗ ಬ್ಯೋರ್ನ್ ಆಂಡಿಯನ್ನು ಯಾಕೆ ಅಷ್ಟು ದ್ವೇಷಿಸುತ್ತಾನೆ? ಗಣಿಯ ಅವಘಡದಲ್ಲಿ ಒಂದು ಯಂತ್ರಮಾನವ ಲೆಕ್ಕ ಹಾಕಿ ಬಾಗಿಲು ಮುಚ್ಚಿತು, ಹನ್ನೆರಡು ಮಂದಿ ಉಳಿದರು, ಅವನ ಅಮ್ಮ ಒಳಗೆ ಉಳಿದಳು. ವಿಮರ್ಶೆಗಳಲ್ಲಿ ಅವನನ್ನು ಬರೀ ಒರಟ ಎಂದು ಬರೆದಿದ್ದಾರೆ. ನನಗೆ ಅವನು ನಮ್ಮ ಬೀದಿಯ ಹುಡುಗನಂತೆ ಕಂಡ.

ಕತ್ತಲಕೋಣೆ

ಗಣಿಯೂರಿನವರೇ, ನಿಮ್ಮ ಬರಹ ಎರಡು ಸಲ ಓದಿದೆ. ಆ ಕಿಟಕಿಯ ದೃಶ್ಯವನ್ನು ನಾನು ಗಮನಿಸದೆ ದಾಟಿಬಿಟ್ಟಿದ್ದೆ.

ಹೊಸಹೆಜ್ಜೆ

ಹಾಗೆ ನೋಡಿದರೆ ರೂಕ್‌ಗೂ ಇದಕ್ಕೂ ನಂಟಿದೆ. ಕಂಪನಿಗೆ ದುಡಿಮೆ ಮುಗಿಯುವುದೇ ಬೇಡ. ಸತ್ತ ಮೇಲೂ ಮುಖ ದುಡಿಯುತ್ತಿರಬೇಕು.

ಮಲೆಸೀಮೆ

ಹೊಸಹೆಜ್ಜೆ, ಇದನ್ನು ನಾನು ಒಪ್ಪುವುದಿಲ್ಲ. ಚಿತ್ರ ಮಾಡಿದವರು ಪ್ರೀತಿಯಿಂದ ಮಾಡಿದ್ದಾರೆ, ತಪ್ಪಿದ್ದರೆ ಅದು ಪ್ರೀತಿಯ ತಪ್ಪು. ನಿರ್ದೇಶಕ ಫೆಡೆ ಅಲ್ವಾರೆಜ್ ಉರುಗ್ವೆಯವರು. 2009ರಲ್ಲಿ ದೈತ್ಯ ಯಂತ್ರಗಳು ಮಾಂಟೆವಿಡಿಯೊ ನಗರವನ್ನು ಪುಡಿಗಟ್ಟುವ ಐದು ನಿಮಿಷದ ಕಿರುಚಿತ್ರವನ್ನು ಅಂತರ್ಜಾಲಕ್ಕೆ ಹಾಕಿ ಹಾಲಿವುಡ್ ಸೇರಿದವರು. ಈ ಚಿತ್ರ ಮೊದಲು ಚಿತ್ರಮಂದಿರಕ್ಕೆಂದೇ ಹೊರಟದ್ದಲ್ಲ, ಮನೆಯಲ್ಲಿ ನೋಡುವ ವೇದಿಕೆಗೆಂದು ಶುರುವಾದದ್ದು. 8 ಕೋಟಿ ಡಾಲರ್‌ನಲ್ಲಿ ಮುಗಿಸಿದ್ದಾರೆ, ಇಂಥ ಚಿತ್ರಕ್ಕೆ ಅದು ದೊಡ್ಡ ಮೊತ್ತವೇ ಅಲ್ಲ. ಚೆನ್ನಾಗಿ ಓಡಲಿ.

ಎರಡನೇ_ಸಾಲು

ಓಡಲಿ. ಮಧ್ಯಂತರವಿಲ್ಲದೆ ಓಡಲಿ.

ರಾತ್ರಿಪಾಳಿ · ಡಿಸೆಂಬರ್ 8, 2024

ಹಳೆಯ ಚರ್ಚೆ ಎತ್ತುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ನೋಡುವ ಆವೃತ್ತಿಯಲ್ಲಿ ರೂಕ್‌ನ ದೃಶ್ಯಗಳನ್ನು ತಿದ್ದಿದ್ದಾರೆ. ಬಿಡುಗಡೆಯ ಹೊತ್ತಿಗೆ ಸಮಯ ಸಾಲಲಿಲ್ಲ, ಈಗ ಗೊಂಬೆಯ ಮುಖವೇ ಹೆಚ್ಚು ಕಾಣುವಂತೆ ಮಾಡಿದ್ದೇವೆ ಎಂದು ನಿರ್ದೇಶಕರೇ ಒಪ್ಪಿಕೊಂಡರು. ಗಳಿಕೆಯೂ ಸುಮಾರು 35 ಕೋಟಿ ಡಾಲರ್ ಮುಟ್ಟಿತು, ಚೀನಾದಲ್ಲೇ 11 ಕೋಟಿ ದಾಟಿತು.

ಕತ್ತಲಕೋಣೆ

ನಾನೂ ಮೊನ್ನೆ ನೋಡಿದೆ. ಬಾಯಿ ಸರಿಹೋಗಿದೆ, ಕಣ್ಣೂ ಸುಧಾರಿಸಿದೆ. ಮುಜುಗರ ಮಾತ್ರ ಹೋಗಲಿಲ್ಲ. ಅಂದರೆ ನನ್ನ ತಕರಾರು ತುಟಿಯದ್ದಾಗಿರಲಿಲ್ಲ ಎಂದು ಈಗ ಖಚಿತವಾಯಿತು. ಅಪ್ಪಟ ವಿಷ್ಣು ಅಭಿಮಾನಿ ಸರ್, ನೀವು ಕೇಳಿದ ಪ್ರಶ್ನೆ ಇನ್ನೂ ನನ್ನ ಜೊತೆಗಿದೆ, ‘ನಾಗರಹಾವು’ ಮತ್ತೆ ನೋಡಬೇಕು.

ಅಪ್ಪಟ_ವಿಷ್ಣು_ಅಭಿಮಾನಿ

ನೋಡುವಾಗ 1972ರ ‘ನಾಗರಹಾವು’ ಮೊದಲು ನೋಡಿ, ಆಮೇಲೆ 2016ರದು. ಈ ಮಾತನ್ನು ಹೇಳುತ್ತಿರುವವನು ನಾನು ಎನ್ನುವುದನ್ನೂ ಗಮನಿಸಿ.

ಗಣಿಯೂರಿನವನು

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಮೊದಲ ಹದಿನೈದು ನಿಮಿಷ ಮಾತ್ರ ತೋರಿಸಿದೆ. ಕಿಟಕಿಯ ದೃಶ್ಯ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ಪ್ರಾಣಿಗಳು ಬರುತ್ತವೆ, ನೀವು ನೋಡಬೇಡಿ ಎಂದು ನಿಲ್ಲಿಸಿದೆ. ಊಟಕ್ಕೆ ಕೂತಾಗ ಆ ಹುಡುಗಿಗೆ ಕೊನೆಗೆ ಬಿಡುಗಡೆ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು ಎಂದೆ. ಜೊತೆಗಿದ್ದ ತಮ್ಮನಿಗೆ ಎಂದು ಕೇಳಿದರು. ಅವನನ್ನೂ ಜೊತೆಯಲ್ಲೇ ಕರೆದುಕೊಂಡು ಹೋದಳು ಎಂದೆ.